ಏಳನೇ ಕುಳಿಯ ಕೆಳಗೆ

ನೂರ ಐವತ್ತೆರಡು ಗಜ ಅಂತ ಕಲ್ಲಲ್ಲಿ ಕೆತ್ತಿದ್ದಾರೆ.
ಹೊಸಬರು ಓದಿ ನಗುತ್ತಾರೆ: ಇಷ್ಟೇನಾ?
ಮೂರೇಟಿನ ಕುಳಿ. ಆ ದಿಬ್ಬದಿಂದ ಈ ದಿಬ್ಬಕ್ಕೆ
ಒಂದೇ ಒಂದು ಹಾರು,
ನಡುವೆ ಹೊಂಡ.
ಹೊಂಡದಲ್ಲಿ ನಾನು, ಬಣಕಲ್ಲಿನ ಗುಲಾಬಿ.

ಎಡಗೈಲಿ ಬಿಳಿ ಬಾವುಟ, ಬಲಗೈಲಿ ಕೆಂಪು.
ಚೆಂಡು ಸಿಕ್ಕಿದರೆ ಬಿಳಿ, ಹೋಯಿತೆಂದರೆ ಕೆಂಪು.
ದಿನಕ್ಕೆ ಆರುನೂರು, ಮಧ್ಯಾಹ್ನ ಚಿತ್ರಾನ್ನ;
ಇಲ್ಲಿ ಜನವರಿಯಲ್ಲೂ ಇಂಬಳ,
ಅದಕ್ಕೆ ಹಚ್ಚುವ ಸುಣ್ಣ ಮಾತ್ರ ನನ್ನದೇ.
ಕಾಫಿ ಕುಯ್ಲಿನ ಹೊತ್ತಿಗೇ ಪಂದ್ಯ ಇಡುತ್ತಾರೆ.
ತೋಟದ ರೈಟರು ಬೈದರೂ
ನಾಲ್ಕು ದಿನ ನಾನು ಇಲ್ಲಿಗೇ.
ಹನ್ನೊಂದು ವರ್ಷವಾಯ್ತು.

ಇಲ್ಲಿಂದ ಹೊಡೆಯುವವರು ಕಾಣರು, ಕುಳಿಯೂ ಕಾಣದು.
ಆಕಾಶದ ಒಂದು ಸೀಳು, ಎರಡೂ ಕಡೆ ಲಂಟಾನ,
ಕಾಲ ಬುಡದಲ್ಲಿ ಹಳ್ಳ.
ಬಂಡೆ ಹತ್ತಿ ಕೈ ಎತ್ತಿದರೆ
ಅವರಿಗೆ ನನ್ನ ಬಟ್ಟೆಯ ತುದಿಯಷ್ಟೇ ಕಾಣುತ್ತಂತೆ.
ಹಾಗಾಗಿ ನನ್ನದು ಕಿವಿಯ ಕೆಲಸ.
ಟಕ್.
ಒಂದು, ಎರಡು, ಮೂರು, ನಾಲ್ಕು, ಐದು, ಆರು.
ಆರಾದರೂ ಏನೂ ಬೀಳದಿದ್ದರೆ ಆ ಚೆಂಡು ನನ್ನದಲ್ಲ.
ಮೇಲೆ ಚಪ್ಪಾಳೆ. ಅದೂ ನನ್ನದಲ್ಲ.

ಗೆಲ್ಲುವವರ ಚೆಂಡನ್ನು ನಾನು ಕಂಡೇ ಇಲ್ಲ.
ಗೊತ್ತಿರುವುದು ಬಿದ್ದವು:
ನೀರಿಗೆ ಬಿದ್ದದ್ದು ಗುಳುಕ್ ಅನ್ನುತ್ತೆ,
ಲಂಟಾನಕ್ಕೆ ಬಿದ್ದದ್ದು ಸೀರೆ ಹರಿದ ಹಾಗೆ,
ಬಂಡೆಗೆ ಬಿದ್ದದ್ದು ಯಾವ ಊರಿಗೋ.
ಮೇಲಿನವರು ಚಿಟಿಕೆ ಹುಲ್ಲು ಹಾರಿಬಿಟ್ಟು ಗಾಳಿ ನೋಡುತ್ತಾರಂತೆ.
ಗಾಳಿ ಅಲ್ಲಿಲ್ಲ, ಸ್ವಾಮಿ.
ಹತ್ತು ಗಂಟೆವರೆಗೆ ಅದು ಇಲ್ಲೇ, ನನ್ನ ಬುತ್ತಿಯ ಪಕ್ಕ ಮಲಗಿರುತ್ತೆ.
ಚಾರ್ಮಾಡಿ ಕಡೆ ಬಿಸಿಲೇರಿದ ಮೇಲೆ ಎದ್ದು,
ಮೈಮುರಿದು, ದಂಡೆ ಹತ್ತುತ್ತೆ.
ಯಾರೂ ನನ್ನನ್ನು ಕೇಳಿಲ್ಲ. ನಾನೂ ಹೇಳಿಲ್ಲ.

ಹೋದ ವರ್ಷ ಕೊನೆಯ ದಿನ.
ಮೈಸೂರಿನ ಪುಟ್ಟಮಾದು ಮುಂದಿದ್ದ.
ಹಿಂದೆ ಕ್ಯಾಡಿಯಾಗಿದ್ದನಂತೆ, ಸಾಹೇಬರ ಚೀಲ ಹೊತ್ತ ಹೆಗಲು.
ನಮ್ಮ ಹುಡುಗರೆಲ್ಲ ಅವನ ಹಿಂದೆ.
ಹನ್ನೊಂದೂವರೆ. ಗಾಳಿ ಎದ್ದಾಗಿತ್ತು.
ಟಕ್.
ಒಂದು, ಎರಡು, ಮೂರು, ನಾಲ್ಕು,
ಲಂಟಾನ ಸರಕ್ಕೆಂದಿತು, ನನ್ನ ಬಲಗೈ ತಾನೇ ಎದ್ದಿತು.
ಹನ್ನೊಂದು ವರ್ಷ ಆ ಪೊದೆಯಿಂದ ಒಂದೂ ವಾಪಸು ಬಂದದ್ದಿಲ್ಲ.
ಅಯ್ಯೋ ಅಂದರು ಮೇಲೆ, ನೂರು ಬಾಯಿ ಒಟ್ಟಿಗೆ.
ಮತ್ತೆ ಟಕ್. ಆರು ಎಣಿಸಿದೆ. ಚಪ್ಪಾಳೆ, ಮೆಲ್ಲಗೆ,
ಸಾವಿನ ಮನೆಯಲ್ಲಿ ಮಾತಾಡಿದ ಹಾಗೆ.

ಬಂಡೆಯಿಂದ ಇಳಿಯುವಾಗ ಕಂಡಿತು.
ಪೊದೆಯ ಈಚೆ, ಹಿಂದೆ ಯಾರೋ ಬಟ್ಟೆ ಒಗೆಯುತ್ತಿದ್ದ ಚಪ್ಪಡಿಯ ಬದಿ,
ಚಿಕ್ಕ ಹುಲ್ಲಿನ ಮೇಲೆ,
ಹಸಿರು ಚುಕ್ಕೆಯ ಚೆಂಡು.
ಮಗು ಕೂಡ ಅಲ್ಲಿಂದ ಹೊಡೆದು ದಾಟಿಸಬಹುದಿತ್ತು.
ಆದರೆ ಎರಡನೆಯದು ಹಾರಿಯಾಗಿತ್ತು;
ಹಾರಿದ ಮೇಲೆ ಮೊದಲನೆಯದು ಸತ್ತಂತೆ,
ಅದು ಅವರ ಕಾನೂನು.
ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಏಳರಲ್ಲಿ ಐದು ಬರೆದುಕೊಂಡ.
ಸಂಜೆ ಒಂದೇ ಒಂದು ಏಟಿಗೆ ಸೋತ.

ಜನ ಕರಗಿದ ಮೇಲೆ ಹೊಂಡಕ್ಕೆ ಇಳಿದು ಬಂದ, ಒಬ್ಬನೇ,
ಬೂಟು ಕೈಲಿ ಹಿಡಿದು.
‘ಅಕ್ಕ, ಮೊದಲನೇದು ಎಲ್ಲಿ ಬಿತ್ತು?’
ಪೊದೆ ತೋರಿಸಿದೆ.
ಅವನು ಪೊದೆ ನೋಡಲಿಲ್ಲ. ಚಪ್ಪಡಿ ನೋಡಿದ, ಹುಲ್ಲು ನೋಡಿದ,
ಹಳ್ಳದಲ್ಲಿ ಮುಖ ತೊಳೆದ.
‘ನಾನೂ ಬಾವುಟ ಹಿಡಿದವನೇ. ಬಲಗೈ ಬೇಗ ಸೋಲುತ್ತೆ, ಅಲ್ವಾ?’
ಹೂಂ ಅಂದೆ. ಸೊಂಟದಲ್ಲಿ ಚೆಂಡು ಒತ್ತುತ್ತಿತ್ತು.

ಈ ವರ್ಷ ಪಂದ್ಯ ಮತ್ತೆ ಶುರುವಾಗಿದೆ.
ಬಿದ್ದ ಸದ್ದಾದರೂ ನಾನು ಕೈ ಎತ್ತುವುದಿಲ್ಲ.
ಚಪ್ಪಡಿ, ಹುಲ್ಲು, ಪೊದೆಯ ಬುಡ,
ಒಂದೊಂದೇ ಎಲೆ ಸರಿಸುತ್ತೇನೆ.
ಮೇಲಿನಿಂದ ಕೂಗುತ್ತಾರೆ, ಗುಲಾಬೀ, ಏನಾಯ್ತು?
ತಡೀರಿ ಅಂತೀನಿ,
ಇನ್ನೂ ಹುಡುಕ್ತಾ ಇದ್ದೀನಿ.