ಊರವರ ಬಟ್ಟೆ

ನಂಜನಗೂಡಿನಲ್ಲಿ ಅವತ್ತು ಸುಡುಬಿಸಿಲು.
ಹಗ್ಗದ ಮೇಲೆ ಮೇಷ್ಟರ ಪಂಚೆ ಗರಿಗರಿ ಒಣಗಿತ್ತು.
ನಮ್ಮ ಹೊಳೆ ತುಂಬಲು ನಮ್ಮ ಮಳೆಯೇ ಬೇಕೆಂದಿಲ್ಲ,
ಎಲ್ಲೋ ವಯನಾಡಿನ ಬೆಟ್ಟದ ಮೇಲೆ ಮುಗಿಲು ಹರಿದರೆ
ಮೂರನೇ ದಿನ
ಹಳ್ಳದಕೇರಿಯಲ್ಲಿ ಒಲೆ ಆರುತ್ತದೆ.

ಮೈಕಿನ ಆಟೋ ಬಂತು.
'ಕಬಿನಿಯಿಂದ ಎಪ್ಪತ್ತು ಸಾವಿರ ಕ್ಯೂಸೆಕ್,
ನದಿಪಾತ್ರದ ಜನರು ಸುರಕ್ಷಿತ ಸ್ಥಳಕ್ಕೆ...'
ಕ್ಯೂಸೆಕ್ ಅಂದರೆ ಎಷ್ಟು ಕೊಡ ಮಗಾ ಅಂದೆ.
ಆಟೋದ ಹುಡುಗ ನಕ್ಕ. ಕೂಗುತ್ತಿದ್ದ ದನಿ ಅವನದಲ್ಲ,
ಮೊಬೈಲಿಗೆ ಯಾರೋ ತುಂಬಿಕೊಟ್ಟದ್ದು.

ನನ್ನ ಅಳತೆ ಬೇರೆ.
ಒಗೆಯುವ ಕಲ್ಲು ಮುಳುಗಿದರೆ ಒಂದು.
ಪರಶುರಾಮನ ಗುಡಿಯ ಮೆಟ್ಟಿಲು ಮುಳುಗಿದರೆ ಎರಡು.
ಬಚ್ಚಲ ತೂಬಿನಿಂದ ನೀರು ಹಿಂದಕ್ಕೆ ಬಂದರೆ
ಮೂರು ಅನ್ನುವುದಕ್ಕೆ ಪುರುಸೊತ್ತಿರುವುದಿಲ್ಲ.

ಬಂತು.

ಮನೆಯಲ್ಲಿ ಹದಿನೇಳು ಗಂಟು, ಒಂದೂ ನಮ್ಮದಲ್ಲ.
ಟಿವಿ ಟಿವಿ ಎಂದು ಕೂಗಿದ ಸಿದ್ದರಾಜು.
ಹಾಸಿಗೆ ನೆನೆಯಲಿ, ಮೊದಲು ಗಂಟು ಎತ್ತು ಅಂದೆ.
ನಮ್ಮದು ಹೋದರೆ ಸಾಮಾನು,
ಅವರದು ಹೋದರೆ ಹೆಸರು.
ಸೊಂಟದ ನೀರಲ್ಲಿ, ತಲೆಯ ಮೇಲೆ,
ಹೋಗಿ ಬಂದು, ಹೋಗಿ ಬಂದು,
ಹದಿನಾರು ದಡ ಸೇರಿದವು.
ಹದಿನೇಳನೆಯದು ಬಾಗಿಲಲ್ಲೇ ಬಿಚ್ಚಿಕೊಂಡಿತು.
ಗುಲ್ಜಾರ್ ಬಾನುವಿನ ಮಗಳ ನಿಕಾಹ್‌ನ ಹಸಿರು ಸೀರೆ
ಕೇರಿಯ ಉದ್ದಕ್ಕೂ ಒಮ್ಮೆ ಹಾಸಿ
ತೇಲಿಹೋಯಿತು.

ಸ್ಕೂಲಿನ ಗೇಟಿಗೆ ಬ್ಯಾನರು: ಕಾಳಜಿ ಕೇಂದ್ರ.
ಹಿಂದಿನ ಪ್ರವಾಹದಲ್ಲಿ ಇದಕ್ಕೆ ಗಂಜಿ ಕೇಂದ್ರ ಅಂತಿದ್ದರು.
ಗಂಜಿ ಅನ್ನುವುದು ಮರ್ಯಾದೆಯ ಮಾತಲ್ಲವಂತೆ.
ನಮಗೆ ಗಂಜಿ ಎಂದರೆ ಇನ್ನೊಂದೂ ಹೌದು,
ಮೆತ್ತಗೆ ಕುಸಿದದ್ದನ್ನು ನೆಟ್ಟಗೆ ನಿಲ್ಲಿಸುವುದು.
ಅದನ್ನು ತೆಗೆದು ಕಾಳಜಿ ಇಟ್ಟರು.
ಸುಳ್ಳು ಹೇಳಬಾರದು, ಚಿತ್ರಾನ್ನ ಬಿಸಿಯಾಗಿಯೇ ಇತ್ತು.
ಏಳನೇ ಕ್ಲಾಸಿನ ಬೆಂಚುಗಳ ಮೇಲೆ
ಊರವರ ಗಂಟು ಮಲಗಿದವು,
ನಾವು ನೆಲದಲ್ಲಿ.

ಐದನೇ ದಿನ ರೆವಿನ್ಯೂ ಇನ್ಸ್‌ಪೆಕ್ಟರು ಬಂದರು.
ಎರಡು ರಾತ್ರಿ ನಿದ್ದೆಗೆಟ್ಟ ಕಣ್ಣು, ಮೊಣಕಾಲ ತನಕ ಕೆಸರು.
ಮೇಲಿನ ಶರ್ಟು ಮಾತ್ರ ಮುದುರಿರಲಿಲ್ಲ,
ತೋಳಿನ ಗೀಟು ನೋಡಿಯೇ ಗೊತ್ತಾಯಿತು.
ಕಾಲರಿನ ಒಳಗೆ ಇರಲೇಬೇಕು,
ಗೇರಿನಿಂದ ನಾನಿಟ್ಟ ಎರಡು ಚುಕ್ಕಿ, ಒಂದು ಅಡ್ಡಗೆರೆ.

'ಗೋಡೆ ಬಿದ್ದಿದೆಯಾ?'
ಇಲ್ಲ ಸ್ವಾಮಿ, ನೆನೆದಿದೆ.
'ನೆನೆದದ್ದಕ್ಕೆ ಕಲಂ ಇಲ್ಲಮ್ಮ.'
ನಾಳೆ ಬೀಳುತ್ತದೆ.
'ಬಿದ್ದಾಗ ಫೋಟೋ ತೆಗೆಸಿ ತನ್ನಿ.
ಸ್ವಂತದ್ದು ಏನೇನು ಹೋಯಿತು?'
ಹಾಸಿಗೆ, ಟಿವಿ, ಎರಡು ಮೂಟೆ ಇದ್ದಿಲು.
'ಇದ್ದಿಲು...' ಎಂದು ಪೆನ್ನು ನಿಲ್ಲಿಸಿದರು.
ಒಂದು ಹಸಿರು ಸೀರೆ, ಅದು ನನ್ನದಲ್ಲ.
'ನಿಮ್ಮದಲ್ಲದ್ದನ್ನು ಹೇಗಮ್ಮ ಬರೆಯಲಿ?'
ಅದನ್ನೇ ನಾನೂ ಯೋಚಿಸುತ್ತಿದ್ದೇನೆ ಸ್ವಾಮಿ.

ಹೋಗುವಾಗ ಗೋಡೆಗೆ ಕೆಂಪು ಬಣ್ಣದಲ್ಲಿ ನಂಬರು ಬರೆದರು.
ಪಕ್ಕದಲ್ಲಿ ಹಳೆಯ ನಂಬರು, ಮಾಸಿದ್ದು.
ಅದರ ಕೆಳಗೆ ಅದಕ್ಕೂ ಹಳೆಯದು,
ಎತ್ತರದಲ್ಲಿ ಸೈಟು ಕೊಡುತ್ತೇವೆ ಅಂದ ವರ್ಷದ್ದು.
ಗುರುತು ನಾವೂ ಹಾಕುತ್ತೇವೆ,
ಯಾರದೆಂದು ಮರೆಯದೆ
ಹಿಂದಕ್ಕೆ ಕೊಡಲಿಕ್ಕೆ.

ನೀರಿಳಿಯಿತು. ಕೆಸರು ಬಾಚಿದೆವು.
ಇಸ್ತ್ರಿಪೆಟ್ಟಿಗೆಯೊಳಗೆ ಒಂದು ಸಣ್ಣ ಏಡಿ ಕೂತಿತ್ತು,
ಮನೆ ಸಿಕ್ಕಿತು ಅಂದುಕೊಂಡಿತ್ತೋ ಏನೋ.
ಹದಿನಾರು ಗಂಟು ಮನೆಮನೆಗೆ ತಲುಪಿಸಿ ಬಂದಾಗ
ಬಾಗಿಲಲ್ಲಿ ಗುಲ್ಜಾರ್ ಬಾನು.
ಅಯ್ಯೋ ಪಾಪ ಅನ್ನಲಿಲ್ಲ.
'ನನ್ನ ಸೀರೆ?' ಅಂದಳು.

ಅಷ್ಟು ದಿನದಲ್ಲಿ ಮೊದಲ ಸಲ
ಯಾರೋ ನನ್ನನ್ನು ಲೆಕ್ಕ ಕೇಳಿದ್ದು.
ಬೆನ್ನು ತಾನಾಗಿ ನೆಟ್ಟಗಾಯಿತು.
ಕೊಡುತ್ತೇನೆ ಕಣಕ್ಕ ಅಂದೆ.
ತಾರೀಕನ್ನೂ ಹೇಳಿದೆ.