ತೊಂಬತ್ತನಾಲ್ಕು

ಹಣ ಕಟ್ಟಿದ್ದು ಸಾವಿರಕ್ಕೆ. ಬಂದದ್ದು ತೊಂಬತ್ತನಾಲ್ಕು.
ಮರುದಿನವೂ ತೊಂಬತ್ತನಾಲ್ಕು. ಭಾನುವಾರ, ಅರ್ಧ ಬೀದಿ
ಚರ್ಚಿಗೆ ಹೋಗಿದ್ದ ಹೊತ್ತಲ್ಲೂ ತೊಂಬತ್ತನಾಲ್ಕೇ.
ತೊಂಬತ್ತೈದಲ್ಲ, ತೊಂಬತ್ತಮೂರಲ್ಲ,
ಯಾರೋ ಗೆರೆ ಎಳೆದು ಇಷ್ಟೇ ಅಂದ ಹಾಗೆ.

ಹೊಸ ರೌಟರು ಕಪಾಟಿನ ಮೇಲೆ ಕೂತಿದೆ,
ನಾಲ್ಕು ಕೊಂಬಿನ ಕರಿಯ ಜೀರುಂಡೆ.
ತಂದುಕೊಟ್ಟ ಹುಡುಗ ಬೂಟು ಬಿಚ್ಚದೆ ಒಳಬಂದು
ದೀಪ ಹಸಿರಾದದ್ದೇ ತಡ ಸಹಿ ಹಾಕಿಸಿಕೊಂಡು
ಲಿಫ್ಟಿಲ್ಲದ ನಾಲ್ಕು ಮಹಡಿ ಇಳಿದುಹೋದ.

ಸೋಜಿಗವೆಂದರೆ, ಫೋನು ಬರಿಗಾಳಿಯಿಂದಲೇ
ನಾನೂರು ಹೀರುತ್ತದೆ.
ತಂತಿ ಕಚ್ಚಿಕೊಂಡೇ ಕೂತ ಕಂಪ್ಯೂಟರಿಗೆ
ತೊಂಬತ್ತನಾಲ್ಕು.
ಗಾಳಿಮಾತಿಗಿರುವ ಕಾಲು
ಕೈಹಿಡಿದವರ ಮಾತಿಗಿಲ್ಲ.

ಆರಿಸಿದೆ, ಮೂವತ್ತು ಎಣಿಸಿದೆ, ಹೊತ್ತಿಸಿದೆ.
ಮೂರನೆಯ ತೂತಿಗೆ, ನಾಲ್ಕನೆಯ ತೂತಿಗೆ ಚುಚ್ಚಿ ನೋಡಿದೆ.
ಕಂಪನಿಯ ನಂಬರಿನಲ್ಲಿ ನಲವತ್ತು ನಿಮಿಷ ಪಿಯಾನೊ ಕೇಳಿದೆ.
ರಾತ್ರಿಯೊಳಗೆ ಗ್ದಾನ್ಸ್ಕ್‌ನಿಂದ ಜೌಗುಭೂಮಿಯ ಕಪ್ಪೆಗಳು ಇಳಿಯಬೇಕು,
ಆರು ಇರುಳು ಹಿಡಿದ ಸದ್ದು; ನಾನದನ್ನು
ಕತ್ತರಿಸಿ, ಒಪ್ಪ ಮಾಡಿ, ಚಿತ್ರದ ಕೆಳಗೆ ಹಾಸಬೇಕು.

ಅಷ್ಟರಲ್ಲಿ ಕೆಳಮನೆಯ ಗೆನೊವೆಫಾ
ಜಾಮಿನ ಖಾಲಿ ಬಾಟಲಿ ಕೊಡಲು ಬಂದಳು.
ಈ ವುಚ್ ಊರಿನ ಗಿರಣಿಯಲ್ಲಿ ಮೂವತ್ತೊಂದು ವರ್ಷ ನೇಯ್ದವಳು,
ಕಿವಿಗಳನ್ನು ಅಲ್ಲೇ ಬಿಟ್ಟು ಬಂದವಳು.
ಆ ಗಿರಣಿ ಈಗ ಹೋಟೆಲು, ಬಾಯ್ಲರು ಕೋಣೆಯಲ್ಲಿ ಈಜುಕೊಳ.
ಅವಳು ಓದುವುದು ತುಟಿ.

ಏನಿದೆ ಇದರೊಳಗೆ? ಎಂದಳು.
ಬಿಡಿ ತಂತಿಯೊಂದರ ತುದಿ ಸೀಳಿ ತೋರಿಸಿದೆ.
ಕಿತ್ತಳೆ, ಹಸಿರು, ನೀಲಿ, ಕಂದು,
ಒಂದೊಂದಕ್ಕೂ ಬಿಳಿಪಟ್ಟೆಯ ಒಬ್ಬ ಜೊತೆಗಾರ,
ಜೋಡಿ ಜೋಡಿಯಾಗಿ ಹೊಸೆದುಕೊಂಡ ಎಂಟು ಎಳೆ.
ನೂರಕ್ಕೆ ನಾಲ್ಕು ಸಾಕು. ಸಾವಿರಕ್ಕೆ ಎಂಟೂ ಬೇಕು.

ಒಂದು ಹರಿದರೆ?

ಹರಿದರೆ... ಅಂದೆ, ಅಲ್ಲೇ ನಿಂತೆ.
ಹರಿದರೆ ಯಾರಿಗೂ ಹೇಳದೆ ನಾಲ್ಕಕ್ಕಿಳಿದು ನಡೆಸುತ್ತದೆ.
ಹಳೆಯ ಯೋಜನೆ ನೂರರದೇ ಇತ್ತು.
ಎಂಟು ವರ್ಷ ನನಗೇನೂ ಕಮ್ಮಿ ಅನಿಸಿರಲಿಲ್ಲ.

ಗೆನೊವೆಫಾ ಮೂಗು ಮುರಿದಳು.
ನಮ್ಮ ಮಗ್ಗದಲ್ಲಿ ಹಾಸಿನ ಒಂದೆಳೆ ಹರಿದರೂ
ತಗಡಿನ ಚೂರೊಂದು ಟಪ್ಪೆಂದು ಬೀಳುತ್ತಿತ್ತು,
ಇಡೀ ಮಗ್ಗ ನಿಲ್ಲುತ್ತಿತ್ತು. ಹುಡುಕು, ಗಂಟು ಹಾಕು, ಮುಂದೆ ನಡೆ.
ನಿನ್ನದು ಹರಿದುಕೊಂಡೇ ನೇಯುವ ಜಾತಿ.

ಮೊಣಕಾಲೂರಿ ಕೂತಳು. ಗೋಡೆಯಂಚಿಗೆ
ಮೂರು ಸಲ ಬಣ್ಣ ಕುಡಿದು ಸೆಟೆದ ತಂತಿಯ ಮೇಲೆ
ಹೆಬ್ಬೆರಳು ಹಾಯಿಸುತ್ತ ಕಪಾಟು ದಾಟಿದಳು,
ಕೋಟಿನ ಗೂಟ ದಾಟಿದಳು.
ಅಡುಗೆಮನೆಯ ಹೊಸ್ತಿಲಲ್ಲಿ ಬೆರಳು ನಿಂತಿತು.
ಇಲ್ಲಿ.

ಒಂದು ಮೊಳೆ. ತಂತಿಯ ಪಕ್ಕಕ್ಕಲ್ಲ, ನಡುವಿಗೇ.
ಹೊಡೆದವನು ಮಾರ್ಚಿನಲ್ಲಿ ಹೋದ, ಆ ಮಾತು ಇಲ್ಲಿ ಬೇಡ.
ಕಿತ್ತು ಸುಲಿದಾಗ ಏಳು ಎಳೆ ನೆಟ್ಟಗಿದ್ದವು,
ನೀಲಿಯೊಂದು ತುಂಡಾಗಿ,
ತನ್ನ ಬಿಳಿಪಟ್ಟೆಯವನನ್ನು ಇನ್ನೂ ಸುತ್ತಿಕೊಂಡಿತ್ತು.

ಪಿಯೊತ್ರಕೋವ್‌ಸ್ಕಾ ಬೀದಿಯ ಅಂಗಡಿಯಿಂದ
ಹನ್ನೆರಡು ಮೀಟರು ಹೊಸದು ತಂದೆ, ನೆಲದ ಮೇಲೇ ಎಳೆದೆ.
ಒಂಬೈನೂರ ಮೂವತ್ತೆಂಟು.
ನಲವತ್ತು ನಿಮಿಷ ಎನ್ನುತ್ತಿದ್ದ ಕಪ್ಪೆಗಳು
ಚಹಾ ಕುದಿಯುವುದರೊಳಗೆ ಬಂದು ಕೂತವು.
ಸದ್ದು ಏರಿಸಿ ಸ್ಪೀಕರಿನ ಮೇಲೆ ಅವಳ ಅಂಗೈ ಇಟ್ಟೆ.
ತುಸು ಹೊತ್ತು ಇಟ್ಟುಕೊಂಡಳು.
ಕೆಟ್ಟ ಮಗ್ಗ, ಎಂದಳು, ತಾಳ ತಪ್ಪುತ್ತಿದೆ.

ಹೊರಡುವಾಗ ಹಳೆಯ ತಂತಿ ಕೇಳಿ ಪಡೆದಳು,
ಬಾಲ್ಕನಿಯ ಬೀನ್ಸ್ ಬಳ್ಳಿ ಕಟ್ಟಲು.
ಅದಕ್ಕೆ ಏಳು ಎಳೆ ಧಾರಾಳವಂತೆ.

ಮೊಳೆ ಹೊಸ್ತಿಲಲ್ಲೇ ಇದೆ.
ಆಗಾಗ ಕಾಲುಚೀಲ ಸಿಕ್ಕಿಕೊಳ್ಳುತ್ತದೆ.