ಮುಚ್ಚುವ ಕತ್ತಿ

ಸುಬ್ರಾಯಾಚಾರಿ ಹೊಸ ಚೂರಿ ಹೊರತಂದ ದಿನ
ಮೇಜು ನನ್ನದು.
ಬಟ್ಟೆ ಕತ್ತರಿಸುವ ಉದ್ದ ಮೇಜು,
ಮೇಲೆ ಸೀಮೆಸುಣ್ಣದ ಗೀರು ಇನ್ನೂ ಇತ್ತು,
ಯಾರದೋ ತೋಳಿನ ಅಳತೆ.

ರಿಪ್ಪನ್‌ಪೇಟೆ ಸರ್ಕಲ್ಲಿನಿಂದ ಸಾಗರದ ಕಡೆಗೆ ನಾಲ್ಕನೇ ಅಂಗಡಿ.
ನಡುವೆ ಒಂದೇ ಗೋಡೆ: ಆಚೆ ಅವನ ಸುತ್ತಿಗೆ,
ಈಚೆ ನನ್ನ ಹೊಲಿಗೆ ಮಿಷನ್ನು.
ಹದಿನೆಂಟು ವರ್ಷ ಒಬ್ಬರ ಸದ್ದಿಗೆ ಒಬ್ಬರು
ಬೈದುಕೊಂಡೇ ಬದುಕಿದ್ದೇವೆ.

ಅವರಪ್ಪ ಮಾಡಿದ ಕತ್ತಿ ಯಾವುದೂ ಮುಚ್ಚುತ್ತಿರಲಿಲ್ಲ.
ಸೊಂಟದ ಕೊಕ್ಕೆಗೆ ಸಿಕ್ಕಿಸಿ
ನಡೆದುಬಿಡುತ್ತಿದ್ದರು ಜನ,
ಬಾಯಿ ತೆರೆದ ಕಬ್ಬಿಣವನ್ನು ಬೆನ್ನಿಗೆ ತೂಗಾಡಿಸಿಕೊಂಡು.
ಈಗ ಎಲ್ಲರಿಗೂ ಪ್ಯಾಂಟು. ಹೊಲಿದವನು ನಾನೇ,
ಆ ಪಾಪದಲ್ಲಿ ನನಗೂ ಪಾಲು.

ಒಂದು ರಾತ್ರಿ ಬಂದು ಕೇಳಿದ:
"ರಫೀಕ, ಜೇಬು ಎಷ್ಟು ಆಳ ಇಡ್ತೀಯ?"
"ಆರೂವರೆ ಇಂಚು. ಜಿಪುಣರಿಗೆ ಏಳು."
ಗೋಡೆಯ ಮೇಲೆ ಮೊಳೆಯಲ್ಲಿ ಗೀಚಿಕೊಂಡು ಹೋದ.

ಅಲಗು ಸಿಕ್ಕಿದ್ದು ಗುಜರಿಯಲ್ಲಿ:
ಆಗುಂಬೆ ಘಾಟಿ ಹತ್ತಿಳಿದು ಸೊಂಟ ಮುರಿದ ಬಸ್ಸಿನ ಪಟ್ಟಿ,
ತಿರುವು ತಿರುವಿಗೂ ಬಾಗಿ
ಬಾಗಿದಲ್ಲೇ ನಿಲ್ಲದೆ
ತನ್ನ ಆಕಾರಕ್ಕೆ ಮರಳಿ ರೂಢಿಯಾದದ್ದು.
ಹಿಡಿಗೆ ಬೈನೆ, ಕಪ್ಪು ಎಳೆಯೆಳೆ.

ಮೊದಲನೆಯದು ನನ್ನ ಜೇಬಿಗೇ ಬಿತ್ತು.
ನಾಲ್ಕು ದಿನಕ್ಕೆ ತೂತು. ಮೂಲೆ ಚೂಪು ಎಂದೆ.
ಎರಡನೆಯದು ತೆರೆದರೆ ಮುಚ್ಚದು.
ಮೂರನೆಯದು ಮುಚ್ಚಿದ್ದು ಮುಚ್ಚಿಯೇ ಹೋಯಿತು,
ಈಗಲೂ ನನ್ನ ಡ್ರಾಯರಿನಲ್ಲಿದೆ,
ಒಳಗೆ ಹೇಗಿದೆಯೋ ಏನೋ.
ಆರನೆಯದು ಅವನ ಹೆಬ್ಬೆರಳು ಕಚ್ಚಿತು.
ಐದು ಹೊಲಿಗೆ. ಡಾಕ್ಟರಮ್ಮನ ಹೊಲಿಗೆ ಅಷ್ಟಕ್ಕಷ್ಟೆ.
"ಹರಿತ ಮಾಡೋದು ಅಪ್ಪ ಕಲಿಸಿದ" ಅಂದ,
ಬಟ್ಟೆ ಸುತ್ತಿದ ಬೆರಳು ನೋಡುತ್ತ,
"ಮುಚ್ಚೋದು ಯಾರೂ ಕಲಿಸಲಿಲ್ಲ."

ಆಮೇಲೆ ತಿಂಗಳುಗಟ್ಟಲೆ ಗೋಡೆಯಾಚೆ
ಸುತ್ತಿಗೆಯಿಲ್ಲ, ಬರೀ ಅರದ ಸದ್ದು.
ಒಂದು ಸಂಜೆ ಕೇಳಿಸಿತು: ಟಕ್.
ಕೊಂಚ ತಡೆದು, ಟಕ್.
ಗುಂಡಿ ತನ್ನ ಕಾಜಕ್ಕೇ ಬಿದ್ದ ಹಾಗೆ.
ನಾನು ಮಿಷನ್ನು ನಿಲ್ಲಿಸಿದೆ.

ಸಂತೆಯ ದಿನ ಮೇಜಿನ ಮೇಲೆ ಹನ್ನೊಂದು.
ಕೊಕ್ಕು ಬಾಗಿದ್ದಕ್ಕೆ ಮಂಗಟ್ಟೆ ಎಂದು ಹೆಸರಿಟ್ಟ,
ಕಸಿ ಕಟ್ಟುವವರಿಗೆ. ಗಿಡ್ಡದು ಮಡಿವಾಳ.
ಮಿಕ್ಕವಕ್ಕೆ ಹಕ್ಕಿ ಹೊಳೆಯಲಿಲ್ಲ, ಬೆಲೆ ಮಾತ್ರ ಬರೆದ.

ಲೈನ್‌ಮನ್ನು ಬಂದ. ಪೊಲೀಸಿನವನು ಬಂದು
ಕಣ್ಣಲ್ಲೇ ಅಲಗು ಅಳೆದ.
ಹಲಸು ಮಾರುವ ದ್ಯಾವಮ್ಮ ಬಗ್ಗಿ ನೋಡಿ
"ಇದ್ರಲ್ಲಿ ಒಂದು ಹಣ್ಣು ಕೊಯ್ಯಕ್ಕೆ ನಾಡಿದ್ದು ಆತದೆ" ಎಂದಳು.
ಸುಬ್ರಾಯ ಉಮೇದಿನಲ್ಲಿ ಒಂದನ್ನು ಬಿಚ್ಚಿ ಚಾಚಿದ.
ಯಾರೂ ಕೈ ನೀಡಲಿಲ್ಲ.
ಚಾಚಿಯೇ ನಿಂತ.
ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು,
ಕೊಟ್ಟವರಿಗೂ ಕೊಂಡವರಿಗೂ ಜಗಳ ಹತ್ತುತ್ತದೆ.
ಊರಿಗೆಲ್ಲ ಗೊತ್ತು. ಅವನಿಗೂ ಗೊತ್ತು.

ಬೆಂಚಿನ ಮೇಲಿದ್ದ ಅವರಪ್ಪ ಪುಟ್ಟಾಚಾರಿ ಎದ್ದು ಬಂದರು.
ಬೆಳಗಿನಿಂದ ಅವರು ಆಡಿದ್ದು ಒಂದೇ ಮಾತು:
"ಇದು ಕತ್ತಿಯಲ್ಲ, ಕತ್ತಿಯ ಮರಿ."
ಮಗ ಮೇಜಿನ ಮೇಲಿಟ್ಟದ್ದನ್ನು ಎತ್ತಿಕೊಂಡು
ಉಗುರಿನ ಮೇಲೆ ಅಲಗು ಆಡಿಸಿ ನೋಡಿದರು,
ಮಡಚಿದರು. ಟಕ್.
ಕಿವಿಯ ಹತ್ತಿರ ಹಿಡಿದು ಇನ್ನೊಂದು ಸಲ. ಟಕ್.
ಆಮೇಲೆ ಮುಚ್ಚಿದ್ದನ್ನು ದ್ಯಾವಮ್ಮನ ಕಡೆಗೆ ಚಾಚಿ,
"ಈಗ ಇದು ಕತ್ತಿಯೇನೇ?"

ಅವಳು ಯೋಚಿಸಿದಳು. ಎಲೆಯಡಿಕೆ ಒಂದು ಕೆನ್ನೆಯಿಂದ
ಇನ್ನೊಂದಕ್ಕೆ ದಾಟುವಷ್ಟು ಹೊತ್ತು.
ಕೈ ಒಡ್ಡಿದಳು.

ಒಟ್ಟು ನಾಲ್ಕು ಹೋದವು.
ದ್ಯಾವಮ್ಮನದಕ್ಕೆ ಅರ್ಧ ದುಡ್ಡು ಬಾಕಿ; ಜಗಳ
ಹತ್ತುವುದಿದ್ದರೆ ಅದಕ್ಕೇ ಹತ್ತಬೇಕು.

ಸಂಜೆ ಮೇಜು ಒಳಗೆ ತಂದೆ.
ಅಷ್ಟು ಜನರ ಮೈ ಉಜ್ಜಿ
ಸೀಮೆಸುಣ್ಣದ ತೋಳು ಅಳಿಸಿಹೋಗಿತ್ತು.
ಯಾರದೋ, ಬರಲಿ,
ಇನ್ನೊಮ್ಮೆ ಕೈ ಚಾಚಿ ನಿಲ್ಲಬೇಕು ಅವನು.